ಹಾರ್ಮೋನಿಯಂ ಬಿಟ್ಟು ರಾಗಿಕಲ್ಲು ಹಿಡಿದೆವು

ನಮ್ಮದು ಮಂಡ್ಯದ ಪಕ್ಕದ ಊರು. ಹನ್ನೊಂದು ಹೆಂಗಸರ ಪದದ ತಂಡ. ಪ್ರತಿ ಸೋಮವಾರ ಡೈರಿಗೆ ಹಾಲು ಹಾಕಿ ಬಂದು ನಮ್ಮ ಮನೆ ಜಗುಲಿಯಲ್ಲಿ ಕೂರುತ್ತೇವೆ. ಸೋಬಾನೆಗೆ ತೊಂದರೆ ಇರಲಿಲ್ಲ. ಕೆಡುತ್ತಿದ್ದದ್ದು ರಾಗಿ ಬೀಸೋ ಪದ. ನಾಲ್ಕನೇ ಸಾಲಿಗೇ ಓಟ ಶುರು. ನಮ್ಮ ದೊಡ್ಡವ್ವ ಒಂದಿನ ಹೇಳಿಯೇಬಿಟ್ಟರು: "ನಿಲ್ಲಿಸ್ರವ್ವ, ಬಸ್ ಹಿಡಿಯಕ್ಕೆ ಓಡ್ತಿದ್ದೀರಾ?"

ಮೊದಲು ಹಳೇ ಹಾರ್ಮೋನಿಯಂ ತಂದೆವು. ಹತ್ತಿರ ಹತ್ತಿರ 14,000 ಹೋಯ್ತು. ಅದರ ಶ್ರುತಿಗೆ ದೊಡ್ಡವ್ವನ ಗಂಟಲು ಏರಲೇ ಇಲ್ಲ. ಆಮೇಲೆ ಮೊಬೈಲಿನ ತಾಳ. ಪದ ಹೋಗಿ ಸ್ಕೂಲಿನ ಡ್ರಿಲ್ ಆಯ್ತು. ಅದೇ ಸ್ಥಿತಿಯಲ್ಲಿ ಒಂದು ಸ್ಪರ್ಧೆಗೂ ಹೋದೆವು. ವ್ಯಾನಿಗೆ 3,500 ಕೊಟ್ಟು ಬರಿಗೈಯಲ್ಲಿ ಬಂದೆವು. ಆ ರಾತ್ರಿ ನಾನು ಅತ್ತಿದ್ದೇನೆ.

ಕೊಟ್ಟಿಗೆ ಹಿಂದೆ ಅತ್ತೆ ಕಾಲದ ರಾಗಿಕಲ್ಲು ಬಿದ್ದಿತ್ತು. ಜಗುಲಿಗೆ ತರಿಸಿದೆ. ಉಳಿ ಹೊಡೆಸಲು 600, ಹೊಸ ಗೂಟಕ್ಕೆ 150 ಇರಬೇಕು. "ಅದನ್ನ ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ಮ್ಯೂಸಿಯಂಗೆ ಕೊಡಿ, ಅಲ್ಲಿ 1968ರಿಂದ ಇಂಥವನ್ನೇ ಕೂಡಿಡ್ತಾ ಇದ್ದಾರೆ" ಅಂದರು ಮನೆಯವರು. ಕಲ್ಲಿನಿಂದ ಪದದ ಓಟ ನಿಲ್ಲುತ್ತೆ ಅಂತ ತಂಡದಲ್ಲೂ ಅರ್ಧ ಜನ ನಂಬಲಿಲ್ಲ.

ಎದುರುಬದುರು ಇಬ್ಬರು, ಒಂದೇ ಗೂಟಕ್ಕೆ ಎರಡು ಕೈ. ಒಬ್ಬರು ಎತ್ತಬೇಕು, ಇನ್ನೊಬ್ಬರು ಹಿಡಿಯಬೇಕು. ಕಲ್ಲಿನ ಬಾಯಿಗೆ ಹಿಡಿ ರಾಗಿ ಬಿಟ್ಟಾಗ ಸುತ್ತು ಒಂಚೂರು ಭಾರವಾಗುತ್ತೆ. ಸಾಲು ಮುಗಿಯೋದೂ ಅಲ್ಲೇ, ಉಸಿರು ತೆಗೆಯೋದೂ ಅಲ್ಲೇ. ಓಡಬೇಕೆಂದರೂ ಕಲ್ಲು ಬಿಡಲ್ಲ. ಮೂರನೇ ಸೋಮವಾರ ಇಡೀ ಪದ ಎಲ್ಲೂ ಮುರಿಯದೆ ಬಂತು. ದೊಡ್ಡವ್ವ ಸುಮ್ನೆ ಕಣ್ಣು ಒರೆಸಿಕೊಂಡರು.

ಬರೀ ಕಲ್ಲು ತಿರುಗಿಸಿದರೆ ಆಗಲ್ಲ, ರಾಗಿ ಹಾಕಲೇಬೇಕು. ಸಂಜೆಗೆ ಎರಡು ಸೇರಿನಷ್ಟು ಬೀಸುತ್ತೇವೆ, ಹಿಟ್ಟು ಹಂಚಿಕೊಳ್ಳುತ್ತೇವೆ. ಯಾರ ಎದುರು ಯಾರನ್ನು ಕೂರಿಸಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ. ಅದು ನಮ್ಮ ಜಗುಲಿಯಲ್ಲೇ ಇರಲಿ.

ಮಾದಪ್ಪನ ಪದವನ್ನೂ ಕಲ್ಲಿಗೆ ಕೂರಿಸಲು ನೋಡಿದೆವು. ಒಗ್ಗಲಿಲ್ಲ. ಅದಕ್ಕೆ ಕಂಸಾಳೆಯ ಪೆಟ್ಟೇ ಬೇಕು. ನಾಟಿ ಪದಕ್ಕೆ ಬಗ್ಗಿ ನಿಂತು ಹಾಡಿದೆವು. ಸೊಂಟ ಹಿಡೀತು, ಆದ್ರೆ ಪದ ಚೆನ್ನಾಗಿ ಬಂತು.

ಹೋದ ವರ್ಷ ಮೈಸೂರಿನಲ್ಲಿ ವೇದಿಕೆ ಸಿಕ್ಕಿತು. ಕಲ್ಲು ಒಯ್ಯಲಿಲ್ಲ. ಹನ್ನೆರಡು ನಿಮಿಷ ಹಾಡಿದೆವು, ಒಂದೇ ನಡೆ. ಆಮೇಲೆ ವಿಡಿಯೋ ನೋಡಿದರೆ ಎಲ್ಲರ ಬಲಗೈ ಮಡಿಲಲ್ಲಿ ಮೆಲ್ಲಗೆ ತಿರುಗುತ್ತಿತ್ತು. ನಮಗೇ ಗೊತ್ತಾಗಿರಲಿಲ್ಲ.

ಈಗ ಭತ್ತ ಕುಟ್ಟೋ ಪದ ಹಿಡಿದಿದ್ದೇವೆ. ಒರಳು ಸಿಕ್ಕಿದೆ. ಒಳ್ಳೆ ಒನಕೆ ಹುಡುಕುತ್ತಿದ್ದೇವೆ.