ಫಲಕ ಅಳಿಸಿದ ಆಕ್ಸಲ್‌ಗೆ ಹೊಸ ವಿದ್ಯುತ್ ಬ್ರೇಕ್

ಬೆಳಗಾವಿಯ ಉದ್ಯಮಬಾಗದ ನಮ್ಮ ವರ್ಕ್‌ಶಾಪಿಗೆ ಅಮೆರಿಕದಲ್ಲಿ ತಯಾರಾದ, ಜನರೇಟರ್ ಹೊರುವ ಟ್ರೇಲರ್ ಬಂದಿತ್ತು. ವಿದ್ಯುತ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಆಕ್ಸಲ್ (ಚಕ್ರಗಳನ್ನು ಹಿಡಿದಿಡುವ ಅಡ್ಡದಂಡ) ಎಷ್ಟು ಭಾರ ತಡೆಯುತ್ತದೆಂದು ತಿಳಿಸುವ ಫಲಕವನ್ನು ತುಕ್ಕು ತಿಂದಿತ್ತು. ಕಬ್ಬು ಸಾಗಿಸುವ ಟ್ರೇಲರ್‌ಗಳೇ ಹೆಚ್ಚಿರುವ ನಮ್ಮ ಕಡೆ ಇದರ ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು. ಹಾಗಾಗಿ ಅಳತೆ ಖಚಿತವಾಗಲೇಬೇಕಿತ್ತು.

ಆಕ್ಸಲ್ ಕೊಳವೆಯ ವ್ಯಾಸ ಸುಮಾರು 60 ಮಿ.ಮೀ. ಇತ್ತು. ಇದು 3,500 ಪೌಂಡ್, ಅಂದರೆ ಸುಮಾರು 1,588 ಕಿಲೋ ಭಾರ ಹೊರುವ ವರ್ಗದ ಸಾಮಾನ್ಯ ಗಾತ್ರ. 5,200ರಿಂದ 7,000 ಪೌಂಡಿನವು ಹೆಚ್ಚಾಗಿ 76 ಮಿ.ಮೀ. ಇರುತ್ತವೆ. ಕೊಳವೆಯೊಂದನ್ನೇ ನಂಬಿ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಚಕ್ರದ ನಡುಭಾಗವಾದ ಹಬ್ ಬಿಚ್ಚಿ, ಗ್ರೀಸ್ ಒರೆಸಿ ಬೇರಿಂಗ್ ಸಂಖ್ಯೆಗಳನ್ನು ಓದಿದೆ: ಒಳಗೆ ಎಲ್68149, ಹೊರಗೆ ಎಲ್44649. ಅದೇ ವರ್ಗದ ಜೋಡಿ. ಬ್ರೇಕ್ ಡ್ರಮ್ಮಿನ ಒಳವ್ಯಾಸ 10 ಇಂಚು, ಬ್ರೇಕ್ ಭಾಗಗಳನ್ನು ಕೂರಿಸುವ ತಟ್ಟೆಗೆ ನಾಲ್ಕು ಬೋಲ್ಟ್. ಅನುಮಾನಕ್ಕೆ ಎಡೆ ಉಳಿಯಲಿಲ್ಲ.

10 ಇಂಚು ವ್ಯಾಸ, 2¼ ಇಂಚು ಅಗಲದ ಪೂರ್ಣ ಜೋಡಣೆಯನ್ನೇ ತರಿಸಿದೆ. ಹಳೆಯ ತಟ್ಟೆಗೆ ಬಿಡಿ ಶೂ (ಡ್ರಮ್ಮಿಗೆ ಒತ್ತುವ ಬಾಗಿದ ಪಟ್ಟಿ), ಮ್ಯಾಗ್ನೆಟ್ (ವಿದ್ಯುತ್ ಹರಿದಾಗ ಶೂ ಒತ್ತುವಂತೆ ಮಾಡುವ ಅಯಸ್ಕಾಂತ) ಕೂರಿಸುವುದಕ್ಕಿಂತ ಇದು ಮೇಲು. ಎಡ ಬಲ ಬೇರೆ ಬೇರೆ: ಲೈನಿಂಗ್, ಅಂದರೆ ಉಜ್ಜುವ ಪದರ, ಗಿಡ್ಡವಿರುವ ಶೂ ಮುಂದಕ್ಕೆ ಬರಬೇಕು. 12 ವೋಲ್ಟ್‌ನಲ್ಲಿ ಪ್ರತಿ ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆಯೇ ಎಂದು ಮೀಟರಿನಲ್ಲಿ ನೋಡಿದೆ. ಎರಡೂ ಸರಿಯಿದ್ದವು.

ಟೈರ್, ಸ್ಪ್ರಿಂಗ್, ಆಕ್ಸಲ್ ಈ ಮೂರರಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದನ್ನು ಮೀರಿ ಭಾರ ಹೇರಬಾರದೆಂದು ಮಾಲೀಕರಿಗೆ ತಿಳಿಸಿ ಗಾಡಿ ಒಪ್ಪಿಸಿದೆ.