ಕೆರೆ ಗೆಂಡೆಗೆ ಗಾಳ: ಮೊದಲು ಆಳ, ಆಮೇಲೆ ಎರೆ

ಗಾಳ ಹಾಕಲು ಹೊರಟವರು ಎರೆಯ ಬಗ್ಗೆ ಎಷ್ಟು ಬೇಕಾದರೂ ವಿಚಾರಿಸುತ್ತಾರೆ, ಆಳ ಎಷ್ಟು ಎಂದು ಕೇಳುವವರು ಕಡಿಮೆ. ಆದರೆ ನಮ್ಮ ಕೆರೆಗಳಲ್ಲಿ ದಿನವಿಡೀ ಕೂತರೂ ಬೆಂಡು ಅಲುಗದಿರುವುದಕ್ಕೆ ಹೆಚ್ಚಿನ ಸಲ ಕಾರಣ ಎರೆಯಲ್ಲ. ಮೀನು ಮೇಯುವ ಮಟ್ಟದಲ್ಲಿ ಗಾಳ ಇಲ್ಲದಿರುವುದು.

ಮೊದಲು ಅನುಮತಿಯ ಮಾತು. ಮೀನುಗಾರಿಕೆ ಇಲಾಖೆ ಅಥವಾ ಗ್ರಾಮ ಪಂಚಾಯಿತಿ ಕೆರೆಯನ್ನು ಗುತ್ತಿಗೆಗೆ ಕೊಟ್ಟಿರುತ್ತದೆ. ಗುತ್ತಿಗೆ ಹಿಡಿದವರು ಸ್ವಂತ ದುಡ್ಡಿನಿಂದ ಮರಿ ತಂದು ಬಿಟ್ಟಿರುತ್ತಾರೆ. ಅವರನ್ನು ಕೇಳದೆ ಗಾಳ ಹಾಕುವುದು ಕಳವೇ. ಕಾಡಿನೊಳಗಿನ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ನೀರಿನ ತಂಟೆಗೆ ಹೋಗಬೇಡಿ. ಶೃಂಗೇರಿ, ಶಿಶಿಲ, ರಾಮನಾಥಪುರದಂಥ ಕಡೆ ದೇವರ ಮೀನಿನ ಮಡುಗಳಿವೆ, ಅಲ್ಲೂ ಗಾಳ ಇಳಿಸುವಂತಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಗೆಂಡೆ ಎಂದರೆ ಕಾರ್ಪ್ ಜಾತಿಯ ಮೀನು; ಅವುಗಳಲ್ಲಿ ಯಾವುದು ಎಲ್ಲಿ ಮೇಯುತ್ತದೆ ಎಂಬುದನ್ನು ಅದರ ಬಾಯಿಯೇ ಹೇಳುತ್ತದೆ. ಕಾಟ್ಲಾದ ದೊಡ್ಡ ಬಾಯಿ ಮೇಲಕ್ಕೆ ತಿರುಗಿದೆ, ಮೀಸೆಯಿಲ್ಲ; ನೀರಿನ ಮೇಲ್ಪದರದಲ್ಲಿ ತೇಲುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಅಂಚು ಕಟ್ಟಿದಂತೆ ಝಾಲರಿ ಇರುತ್ತದೆ, ಅದು ನಡುನೀರಿನದು. ಮೃಗಾಲ್ ತಳದ ಕೊಳೆತ ಸೊಪ್ಪುಸದೆ ಮೇಯುತ್ತದೆ. ಎರಡು ಜೊತೆ ಮೀಸೆಯ ಸಾಮಾನ್ಯ ಗೆಂಡೆ ಕೆಸರಿಗೇ ಮೂತಿ ಹಾಕಿ ಅಗೆಯುತ್ತದೆ. ಜಿಲೇಬಿ ಮೀನಿಗೆ (ತಿಲಾಪಿಯಾ) ಮಟ್ಟದ ಕಟ್ಟುಪಾಡಿಲ್ಲ, ಎಲ್ಲಿ ಹಾಕಿದರೂ ಅದೇ ಮೊದಲು ಬರುತ್ತದೆ.

ಸಾಮಾನು ಹೆಚ್ಚು ಬೇಕಿಲ್ಲ. 10ರಿಂದ 12 ಅಡಿಯ, ತುದಿ ಸಣ್ಣಗೆ ಬಾಗುವ ಬಿದಿರ ಕೋಲು ಸಾಕು. ದೂರ ಎಸೆಯಬೇಕಾದರೆ ಅಷ್ಟೇ ಉದ್ದದ ರಾಡು, ರೀಲು. ತಂಗೂಸಿ ದಾರ 0.28ರಿಂದ 0.32 ಮಿ.ಮೀ. ಇದಕ್ಕಿಂತ ದಪ್ಪದ್ದು ತಿಳಿನೀರಲ್ಲಿ ಕಾಣುತ್ತದೆ, ಎರೆ ಸಹಜವಾಗಿ ಇಳಿಯುವುದಿಲ್ಲ. ಗಾಳದ ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು: ಜಿಲೇಬಿಗೆ 10, ರೋಹು ಮೃಗಾಲ್‌ಗೆ 6 ಅಥವಾ 8, ದೊಡ್ಡ ಕಾಟ್ಲಾಕ್ಕೆ 4. ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡು, ಗೀರು ಬಿದ್ದು ಕಚ್ಚಿ ನಿಂತರೆ ಸರಿ.

ದಾರ ಹರಿಯುವುದು ಸಾಮಾನ್ಯವಾಗಿ ಗಂಟಿನಲ್ಲಿ. ದಾರವನ್ನು ಗಾಳದ ಕಣ್ಣಿಗೆ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕ ಉಳಿದ ಸಣ್ಣ ಕುಣಿಕೆಯೊಳಗೆ ತೂರಿಸಿ, ಆಗ ಉಂಟಾದ ದೊಡ್ಡ ಕುಣಿಕೆಯೊಳಗೂ ಹಾಯಿಸಿ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣಗಿದ್ದಾಗ ಜಗ್ಗಿದರೆ ಉಜ್ಜಿದ ಬಿಸಿಗೆ ದಾರ ಅಲ್ಲೇ ಸೋಲುತ್ತದೆ. ತುದಿಯನ್ನು ಎರಡು ಮಿ.ಮೀ. ಬಿಟ್ಟು ಕತ್ತರಿಸಿ.

ಇನ್ನು ಆಳ. ಗಾಳಕ್ಕೆ ಎರೆಯ ಬದಲು ದೊಡ್ಡ ಸೀಸದ ಗುಂಡು ಸಿಕ್ಕಿಸಿ ನೀವು ಹಾಕಬೇಕೆಂದಿರುವ ಜಾಗಕ್ಕೆ ಬಿಡಿ. ಬೆಂಡು ಮುಳುಗಿಹೋದರೆ ದಾರ ಸಾಲದು, ಬೆಂಡನ್ನು ಮೇಲಕ್ಕೆ ಸರಿಸಿ. ಅಡ್ಡ ಮಲಗಿದರೆ ದಾರ ಜಾಸ್ತಿಯಾಯಿತು. ಬೆಂಡಿನ ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತರೆ ಅದೇ ಆ ಜಾಗದ ಆಳ. ಎರಡು ಮಾರು ಆಚೆ ಈಚೆಯೂ ಅಳೆಯಿರಿ. ಹೂಳೆತ್ತಿದ ಕೆರೆಗಳಲ್ಲಿ ನಾಲ್ಕಡಿ ನೀರು ಒಮ್ಮೆಲೇ ಹತ್ತಡಿಗೆ ಇಳಿದಿರುತ್ತದೆ. ಆ ಅಂಚಿನ ಗುಂಟವೇ ಗೆಂಡೆ ಓಡಾಡುತ್ತವೆ, ಅಲ್ಲಿ ಅಳತೆ ತಪ್ಪಿದರೆ ಎರೆ ನಡುನೀರಲ್ಲಿ ಸುಮ್ಮನೆ ನೇತಾಡುತ್ತದೆ. ನೀರಿಗಿಳಿದು ಅಳೆಯುವ ಸಾಹಸ ಬೇಡ. ಇಂಥ ಗುಂಡಿಗಳಲ್ಲಿ ಈಜು ಬಲ್ಲವರೂ ಮುಳುಗಿದ್ದಾರೆ.

ಆಳ ಗೊತ್ತಾದ ಮೇಲೆ ಮೃಗಾಲ್, ಸಾಮಾನ್ಯ ಗೆಂಡೆಗೆ ಎರೆ ತಳ ಮುಟ್ಟಿ ಇನ್ನೆರಡು ಬೆರಳು ದಾರ ಮಲಗುವಂತೆ ಬೆಂಡು ಕಟ್ಟಿ. ರೋಹುವಿಗೆ ತಳದಿಂದ ಒಂದು ಗೇಣಿನಿಂದ ಒಂದಡಿ ಮೇಲೆ; ಮೀನು ಸೆಳೆಯಲು ನೀರಿಗೆ ಹಿಂಡಿಯ ಉಂಡೆ ಹಾಕಿದಾಗ ಅದು ನಡುನೀರಿನಿಂದ ಅಷ್ಟು ಕೆಳಗಿಳಿಯುತ್ತದೆ. ಕಾಟ್ಲಾಕ್ಕೆ ನೀರಿನ ಮಟ್ಟದಿಂದ ಎರಡು ಮೂರಡಿ ಕೆಳಗೆ, ಅಷ್ಟೇ. 2 ಗ್ರಾಂ ಭಾರ ತಾಳುವ ಬೆಂಡಾದರೆ ಹೆಚ್ಚಿನ ಸೀಸವನ್ನು ದಾರದ ನಡುವೆ ಒಟ್ಟಿಗೆ ಹಾಕಿ, ಒಂದು ಪುಟ್ಟ ಗುಂಡನ್ನು ಗಾಳಕ್ಕಿಂತ ಒಂದು ಗೇಣು ಮೇಲೆ ಕಚ್ಚಿಸಿ. ಬೆಂಡಿನ ತುದಿ ಒಂದು ಸೆಂ.ಮೀ. ಮಾತ್ರ ಮೇಲಿರಬೇಕು. ಅರ್ಧ ಬೆಂಡು ಮೇಲೆದ್ದಿದ್ದರೆ ಮೀನಿಗೆ ಅದರ ಎಳೆತ ತಿಳಿಯುತ್ತದೆ, ಉಗಿದುಬಿಡುತ್ತದೆ.

ಎರೆಗೆ 250 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಬಾಣಲೆಯಲ್ಲಿ ಘಮ್ಮೆನ್ನುವಷ್ಟು ಹುರಿದು ಪುಡಿ ಮಾಡಿ. ಬೂಷ್ಟು ಹಿಡಿದ ಹಿಂಡಿ ಬೇಡ. 250 ಗ್ರಾಂ ಅಕ್ಕಿ ತೌಡು, 100 ಗ್ರಾಂ ರಾಗಿ ಹಿಟ್ಟು, ಒಂದು ಚಮಚ ಹುರಿದ ಮೆಂತ್ಯದ ಪುಡಿ, ನಿಂಬೆ ಗಾತ್ರದ ಬೆಲ್ಲ ಸೇರಿಸಿ. ಕೆರೆಯ ನೀರನ್ನೇ ಚಿಮುಕಿಸುತ್ತ ಕಲಸಿ ಇಪ್ಪತ್ತು ನಿಮಿಷ ಬಿಡಿ. ತೌಡು ನೀರು ಕುಡಿಯಲು ಅಷ್ಟು ಹೊತ್ತು ಬೇಕು. ಅವಸರಕ್ಕೆ ಮೊದಲೇ ನೀರು ಸುರಿದರೆ ಅರ್ಧ ಗಂಟೆಗೆ ಅಂಬಲಿಯಾಗಿರುತ್ತದೆ. ಇದರಲ್ಲಿ ಮುಕ್ಕಾಲು ಪಾಲು ಉಂಡೆಗೆ. ಉಳಿದ ಕಾಲು ಪಾಲಿಗೆ ಒಂದೆರಡು ಹಿಡಿ ಮೈದಾ ಹಾಕಿ ನಾದಿದರೆ ಗಾಳದ ಎರೆ.

ಎರಡನ್ನೂ ಬಕೆಟ್ ನೀರಿನಲ್ಲಿ ಹಾಕಿ ನೋಡಿ. ಉಂಡೆ ಎರಡು ಮೂರು ನಿಮಿಷದಲ್ಲಿ ಒಡೆದು ಹರಡಬೇಕು, ಗಾಳದ ಎರೆ ಹತ್ತು ನಿಮಿಷ ನಿಲ್ಲಬೇಕು. ಮೈದಾ ಹೆಚ್ಚಾದರೆ ಎರೆ ರಬ್ಬರಿನಂತಾಗಿ, ಎಳೆದಾಗ ಗಾಳದ ಮೊನೆ ಅದರಿಂದ ಹೊರಬರುವುದಿಲ್ಲ. ಬೆಂಡು ಮುಳುಗಿದರೂ ಮೀನು ಸಿಕ್ಕುತ್ತಿಲ್ಲವೆಂದರೆ ಇದನ್ನೇ ಮೊದಲು ಅನುಮಾನಿಸಿ.

ಕಿತ್ತಳೆ ಗಾತ್ರದ ಮೂರು ನಾಲ್ಕು ಉಂಡೆ ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಕಾಯಿರಿ. ಜಾಸ್ತಿ ಹಾಕಿದರೆ ಮೀನಿನ ಹೊಟ್ಟೆ ತುಂಬಿಸಿ ಕಳಿಸಿದಂತೆ. ಕಾಟ್ಲಾ ಬೇಕಾದರೆ ಉಂಡೆ ಬೇಡ. ಒಣ ತೌಡು, ಹಿಂಡಿಪುಡಿಯನ್ನು ಸ್ವಲ್ಪವೇ ತೇವ ಮಾಡಿ ಆಗಾಗ ಚೆಲ್ಲುತ್ತಿರಿ, ಮೇಲ್ನೀರು ಮಬ್ಬಾಗಬೇಕು. ಮೀನು ಬಂದಿದೆಯೇ ಎಂದು ಗುಳ್ಳೆ ಹೇಳುತ್ತದೆ: ಸಾಸಿವೆಯಷ್ಟು ಸಣ್ಣ ಗುಳ್ಳೆಗಳ ಸಾಲು ಸರಿಯುತ್ತ ಹೋದರೆ ಗೆಂಡೆ ಕೆಸರು ಅಗೆಯುತ್ತಿದೆ. ದೊಡ್ಡ ಗುಳ್ಳೆ ಒಂದೇ ಕಡೆಯಿಂದ ಎದ್ದರೆ ಅದು ತಳದ ಕೊಳೆಯ ಗಾಳಿ.

ಬೆಂಡು ಓದುವುದು ಅಭ್ಯಾಸದ ಕೆಲಸ. ರೋಹು ಮೊದಲು ನಡುಗಿಸಿ, ಪಕ್ಕಕ್ಕೆ ಎಳೆದು, ಆಮೇಲೆ ಮುಳುಗಿಸುತ್ತದೆ, ಮುಳುಗುವವರೆಗೆ ತಾಳಿ. ಸಾಮಾನ್ಯ ಗೆಂಡೆ ಎರೆಯನ್ನು ಬಾಯಲ್ಲಿಟ್ಟು ತಲೆಯೆತ್ತಿದಾಗ ಕೆಳಗಿನ ಗುಂಡಿನ ಭಾರವೂ ಮೇಲೇಳುತ್ತದೆ, ಆಗ ಬೆಂಡು ಮುಳುಗುವ ಬದಲು ಎದ್ದು ಅಡ್ಡ ಮಲಗುತ್ತದೆ. ಆ ಕ್ಷಣಕ್ಕೇ ಎಳೆಯಬೇಕು. ಕಾಟ್ಲಾ ಎರೆಯನ್ನು ನೀರಿನೊಂದಿಗೆ ಹೀರುವುದರಿಂದ ಬೆಂಡು ಕೂದಲೆಳೆಯಷ್ಟು ತಗ್ಗಿ ನಿಲ್ಲುತ್ತದೆ, ಹೊಸಬರಿಗೆ ಅದು ಗಾಳಿಯ ಅಲೆಯಂತೆ ಕಾಣುತ್ತದೆ. ಎಳೆತ ಮಣಿಕಟ್ಟಿನದು, ತೋಳಿನದಲ್ಲ.

ಮೀನು ಓಡಿದಾಗ ಕೋಲನ್ನು ಅದರ ಕಡೆಗೆ ನೇರ ಚಾಚಬೇಡಿ, ಬಾಗಿದ ಕೋಲೇ ದಾರ ಕಾಯುವುದು. ರೀಲಿನ ಬಿಗಿ ದಾರ ತಾಳುವ ಭಾರದ ಮೂರನೇ ಒಂದಕ್ಕಿಂತ ಹೆಚ್ಚಿರಬಾರದು. ಕೈಬಲೆಯನ್ನು ಮೊದಲು ಮುಳುಗಿಸಿಟ್ಟು ಮೀನನ್ನು ಅದರ ಮೇಲೆ ತನ್ನಿ. ಬಲೆ ಬೀಸಿದರೆ ಕೊನೆಯ ಜಿಗಿತಕ್ಕೆ ದಾರ ಹರಿಯುತ್ತದೆ. ಸಣ್ಣದಾದರೆ ಒದ್ದೆ ಕೈಯಲ್ಲೇ ಹಿಡಿದು ಬಿಡಿ, ಒಣ ಕೈಗೆ ಅದರ ಲೋಳೆ ಕಿತ್ತು ಬರುತ್ತದೆ.

ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ನಂತರ ಒಳ್ಳೆಯ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಬಿಸಿಲೇರಿದ ಮೇಲೆ ಹೋದರೆ ಸಾಕು. ಹಸಿರುಗಟ್ಟಿದ ಕೆರೆಯಲ್ಲಿ ನಸುಕಿಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಇಳಿದಿದೆ. ಅವು ಎರೆ ಮುಟ್ಟುವುದಿಲ್ಲ, ಗುತ್ತಿಗೆದಾರರಿಗೆ ತಿಳಿಸಿ. ಗ್ರಾಫೈಟ್ ರಾಡು ವಿದ್ಯುತ್ ಹರಿಸುತ್ತದೆ, ತಂತಿಯ ಕೆಳಗೆ, ಗುಡುಗು ಮಿಂಚಿನಲ್ಲಿ ಎತ್ತಬೇಡಿ. ತುಂಡಾದ ತಂಗೂಸಿಯನ್ನು ಒಂದು ಚೂರೂ ಬಿಡದೆ ಚೀಲಕ್ಕೆ ಹಾಕಿಕೊಳ್ಳಿ. ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಂಡರೆ ಅವು ಅಲ್ಲೇ ನೇತುಬಿದ್ದು ಸಾಯುತ್ತವೆ.

ಊರ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಮೀನು ತಿನ್ನಬೇಡಿ. ಒಳ್ಳೆಯ ಕೆರೆಯದ್ದಾದರೂ ತಳದ ಗೆಂಡೆಗೆ ಮಣ್ಣಿನ ವಾಸನೆ ಇರುತ್ತದೆ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಕೆರೆದು ತೆಗೆದು, ತುಂಡುಗಳನ್ನು ಹುಣಿಸೆ ರಸ, ಉಪ್ಪು ಬೆರೆತ ನೀರಿನಲ್ಲಿ ಕಾಲು ಗಂಟೆ ನೆನೆಸಿ ತೊಳೆದರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ.