ಮಗುವಿನ ಡೋಸಿಗೆ ತಕ್ಕ ಮಾತ್ರೆ ಮುದ್ರಿಸುವಾಗ: ನನ್ನ ಅನುಭವ

ಹೈಡ್ರೋಕಾರ್ಟಿಸೋನ್ ಮಾತ್ರೆ ಸಾಮಾನ್ಯವಾಗಿ ಸಿಗುವುದು 10 ಮಿ.ಗ್ರಾಂನಲ್ಲಿ. ಅಡ್ರಿನಲ್ ಗ್ರಂಥಿಯ ಕೊರತೆಯಿರುವ ಚಿಕ್ಕ ಮಗುವಿಗೆ ಒಂದು ಹೊತ್ತಿಗೆ ಒಂದೆರಡು ಮಿ.ಗ್ರಾಂ ಸಾಕು. ಮಾತ್ರೆ ಮುರಿದು ಹಂಚಿದರೆ ಒಂದೊಂದು ಪಾಲೂ ಒಂದೊಂದು ತೂಕ. ಅದಕ್ಕೇ ವೈದ್ಯರು ಬರೆದ ಡೋಸಿಗೆ ಅಗಿಯುವ ಮಾತ್ರೆಯನ್ನು ಔಷಧ ತಯಾರಿಕಾ ಕೋಣೆಯಲ್ಲೇ 3ಡಿ ಪ್ರಿಂಟರ್‌ನಿಂದ ಪದರ ಪದರವಾಗಿ ಮುದ್ರಿಸುತ್ತೇವೆ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ, ಮೂರ್ಛೆರೋಗದ 3ಡಿ ಮುದ್ರಿತ ಮಾತ್ರೆ ಸ್ಪ್ರಿಟಾಮ್ ಪುಡಿಯ ಪದರಗಳನ್ನು ದ್ರವದಿಂದ ಅಂಟಿಸಿ ಮಾಡುವಂಥದ್ದು. ನಮ್ಮದು ಸಿರಿಂಜಿನಿಂದ ಬೆಚ್ಚಗಿನ ಪೇಸ್ಟ್ ಒತ್ತುವ ವಿಧಾನ. ಇನ್ನೊಂದು ಬಗೆಯ, ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ತಂತಿ ಕರಗಿಸಿ ಮುದ್ರಿಸುವ ಯಂತ್ರದ ಬಿಸಿಯನ್ನು ಅನೇಕ ಔಷಧಗಳು ತಾಳುವುದಿಲ್ಲ.

100 ಗ್ರಾಂ ಪೇಸ್ಟಿಗೆ ಔಷಧ 1 ಗ್ರಾಂ, ಜೆಲಟಿನ್ 12, ಗ್ಲಿಸರಿನ್ 30, ಸಾರ್ಬಿಟಾಲ್ 20, ಶುದ್ಧೀಕರಿಸಿದ ನೀರು 37. ಔಷಧ 1 ಶೇಕಡಾ ಇರುವುದರಿಂದ 150 ಮಿ.ಗ್ರಾಂ ಮಾತ್ರೆಯಲ್ಲಿ 1.5 ಮಿ.ಗ್ರಾಂ ಡೋಸ್; ಲೆಕ್ಕ ತಪ್ಪುವ ಸಂಭವ ಕಡಿಮೆ. ಜೆಲಟಿನ್ ನೀರಲ್ಲಿ ನೆನೆದು ಉಬ್ಬಿದ ಮೇಲೆ ಸಾರ್ಬಿಟಾಲ್ ಸೇರಿಸಿ 60 ಡಿಗ್ರಿಯಲ್ಲಿ ಕರಗಿಸುತ್ತೇನೆ. ಹೈಡ್ರೋಕಾರ್ಟಿಸೋನ್ ನೀರಲ್ಲಿ ಸರಿಯಾಗಿ ಕರಗದು. ನಯವಾಗಿ ಜರಡಿ ಹಿಡಿದು, ಮೊದಲು ಸ್ವಲ್ಪ ಗ್ಲಿಸರಿನ್‌ನಲ್ಲಿ ಗಂಟಿಲ್ಲದಂತೆ ಅರೆದು, ಆಮೇಲೆ ಬೆರೆಸಬೇಕು. ಜೋರಾಗಿ ತಿರುಗಿಸಿದರೆ ನೊರೆ ಬರುತ್ತದೆ. ಗುಳ್ಳೆ ಉಳಿದಷ್ಟೂ ಮಾತ್ರೆ ಹಗುರ, ಡೋಸ್ ಕಡಿಮೆ.

ಸಾಫ್ಟ್‌ವೇರ್‌ಗೆ ಗೊತ್ತಿರುವುದು ಗಾತ್ರ ಮಾತ್ರ; ಮಗುವಿಗೆ ಸೇರುವುದು ತೂಕ. ಈ ಪೇಸ್ಟಿನ ಸಾಂದ್ರತೆ ಮಿ.ಲೀ.ಗೆ ಸುಮಾರು 1.2 ಗ್ರಾಂ, ಪ್ರತಿ ಬ್ಯಾಚಿನಲ್ಲೂ ಅಳೆಯುತ್ತೇನೆ. 150 ಮಿ.ಗ್ರಾಂ ಅಂದರೆ 0.125 ಮಿ.ಲೀ.; 7 ಮಿ.ಮೀ. ವ್ಯಾಸದ ಬಿಲ್ಲೆಗೆ ಎತ್ತರ 3.25 ಮಿ.ಮೀ. ಪದರ 0.5 ಮಿ.ಮೀ. ಇಟ್ಟರೆ ಆರೂವರೆ ಪದರ ಬೇಕು, ಯಂತ್ರ ಆರೋ ಏಳೋ ಹಾಕುತ್ತದೆ. ಅಷ್ಟರಲ್ಲೇ ಡೋಸ್ ಸುಮಾರು 8 ಶೇಕಡಾ ತಪ್ಪಿತು. ಪದರ 0.65 ಇಡಿ, ಐದಕ್ಕೆ ಸರಿಹೋಗುತ್ತದೆ.

ಪೇಸ್ಟ್ ಹೊರಬರುವ ನಾಜಲ್ 0.8 ಮಿ.ಮೀ., ಸಿರಿಂಜಿನ ಬಿಸಿ 38 ಡಿಗ್ರಿಯ ಆಸುಪಾಸು. ಹೆಚ್ಚಾದರೆ ಬಿಲ್ಲೆ ಹರಡುತ್ತದೆ, ತಣ್ಣಗಾದರೆ ನಾಜಲ್ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಹರಿವು ಒಂದೇ ಸಮವಾಗುವ ತನಕ ಬಂದ ಪೇಸ್ಟನ್ನು ಎಸೆಯಬೇಕು. ಹೆಚ್ಚು ಹೊತ್ತು ಬಿಸಿಯಲ್ಲಿಟ್ಟರೆ ಎರಡು ಕೇಡು: ಜೆಲಟಿನ್ ಬಲ ಕಳೆದುಕೊಳ್ಳುತ್ತದೆ, ಕರಗದ ಔಷಧ ಕೆಳಗಿಳಿಯುತ್ತದೆ. ಹೀಗೆ ಇಳಿದಾಗ ಮೊದಲ ಮಾತ್ರೆಗೂ ಕೊನೆಯದಕ್ಕೂ ತೂಕ ಒಂದೇ, ಔಷಧ ಬೇರೆ. ತಕ್ಕಡಿ ಇದನ್ನು ಹೇಳಲಾರದು. ಸಿರಿಂಜಿನ ಮೊದಲು, ನಡು, ಕೊನೆಯ ಮಾತ್ರೆಗಳನ್ನು ತೆಗೆದು ಎಚ್‌ಪಿಎಲ್‌ಸಿಯಲ್ಲಿ (ಔಷಧವನ್ನು ಬೇರ್ಪಡಿಸಿ ಎಷ್ಟಿದೆ ಎಂದು ಅಳೆಯುವ ಉಪಕರಣ) ನೋಡಲೇಬೇಕು. ಈ ಪರೀಕ್ಷೆಯನ್ನು ಯಾವ ಅವಸರಕ್ಕೂ ಬಿಡಬಾರದು.

ತೂಕವನ್ನು ಮುದ್ರಿಸಿದ ಕೂಡಲೇ ನೋಡಿ. ಮಾತ್ರೆ ಆರುತ್ತಾ ನೀರು ಬಿಡುತ್ತದೆ, ಔಷಧ ಹಾಗೇ ಇರುತ್ತದೆ. ತಡವಾಗಿ ತೂಗಿದರೆ ಸರಿಯಾದದ್ದೂ ಕಡಿಮೆ ಕಾಣುತ್ತದೆ. 5 ಶೇಕಡಾಕ್ಕಿಂತ ಹೆಚ್ಚು ಆಚೀಚೆ ಹೋದದ್ದನ್ನು ಪಕ್ಕಕ್ಕೆ ಹಾಕುತ್ತೇವೆ. ಅದನ್ನು ಕರಗಿಸಿ ಮತ್ತೆ ಸಿರಿಂಜಿಗೆ ತುಂಬುವಂತಿಲ್ಲ: ನೀರು ಹೋದ ಪೇಸ್ಟಿನಲ್ಲಿ ಔಷಧ 1 ಶೇಕಡಾಕ್ಕಿಂತ ಜಾಸ್ತಿಯಾಗಿರುತ್ತದೆ.